ಅರ್ಧಕ್ಕೆ ನಿಂತ ರೀಜನ್: ಡೀಸೆಲ್ ಕಾರಿನ ಡಿಪಿಎಫ್ ಕಟ್ಟಿಕೊಳ್ಳುವ ಬಗೆ

ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಹೊತ್ತಿಸಿಕೊಂಡು ವರ್ಕ್‌ಶಾಪಿಗೆ ಬರುವ ಗಾಡಿಗಳ ಓನರ್‌ಗಳು ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು: ‘ಸಿಟಿಯಲ್ಲೇ ಓಡಿಸೋದು ಸಾರ್, ಏನ್ ಮಾಡೋಕಾಗತ್ತೆ?’ ಸಿಟಿ ಓಡಾಟದಲ್ಲಿ ಮಸಿ ಬೇಗ ತುಂಬುತ್ತದೆ, ನಿಜ. ಆದರೆ ತುಂಬಿದ ಮಸಿಯನ್ನು ಸುಟ್ಟುಕೊಳ್ಳುವ ಏರ್ಪಾಡು ಗಾಡಿಯಲ್ಲೇ ಇದೆ, ಇದಕ್ಕೇ ರೀಜನರೇಷನ್, ಚುಟುಕಾಗಿ ರೀಜನ್ ಎನ್ನುವುದು. ಅದು ಕೆಲಸ ಶುರುಮಾಡಿದ ಹೊತ್ತಿಗೇ ಓಡಿಸುವವರು ಕೀ ತಿರುಗಿಸಿ ಇಳಿದುಬಿಡುತ್ತಾರೆ. ಕಟ್ಟಿಕೊಂಡ ಫಿಲ್ಟರ್‌ಗಳನ್ನು ಸ್ಕ್ಯಾನರ್ ಹಾಕಿ ನೋಡಿದಾಗ ಮತ್ತೆಮತ್ತೆ ಕಾಣುವುದು ಇದೇ, ಶುರುವಾಗಿ ಮುಗಿಯದೆ ಹೋದ ರೀಜನ್‌ಗಳ ಸಾಲು.

2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಜಾರಿಯಾದ ಮೇಲೆ ಡೀಸೆಲ್ ಕಾರಿಗೆ ಈ ಫಿಲ್ಟರ್ ತಪ್ಪಿದ್ದಲ್ಲ. ಒಳಗಿರುವುದು ಜೇನುಗೂಡಿನಂಥ ಸೆರಾಮಿಕ್. ಪಕ್ಕಪಕ್ಕದ ಕೊಳವೆಗಳಲ್ಲಿ ಒಂದರ ಹಿಂದಿನ ಬಾಯಿ, ಇನ್ನೊಂದರ ಮುಂದಿನ ಬಾಯಿ ಮುಚ್ಚಿರುತ್ತದೆ. ಹಾಗಾಗಿ ಹೊಗೆ ಗೋಡೆಯೊಳಗಿಂದಲೇ ತೂರಿ ಹೋಗಬೇಕು. ಮಸಿ ಗೋಡೆಗೆ ಅಂಟಿ ಉಳಿಯುತ್ತದೆ. ಹೈವೇಯಲ್ಲಿ ಹೊಗೆಯ ಬಿಸಿ 250ರಿಂದ 400 ಡಿಗ್ರಿ ಸೆಲ್ಸಿಯಸ್ ಇದ್ದಾಗ ನೈಟ್ರೋಜನ್ ಡೈಆಕ್ಸೈಡ್ ನೆರವಿನಿಂದ ಆ ಮಸಿ ನಿಧಾನಕ್ಕೆ ತಾನಾಗಿಯೇ ಸುಡುತ್ತದೆ. ಸಿಟಿಯಲ್ಲಿ ಅಷ್ಟು ಬಿಸಿ ಏರದು. ಆಗ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇಂಜೆಕ್ಟರ್‌ಗಳಿಂದ ತಡವಾಗಿ ಒಂದಿಷ್ಟು ಹೆಚ್ಚಿನ ಡೀಸೆಲ್ ಬಿಟ್ಟು, ಫಿಲ್ಟರನ್ನು 600 ಡಿಗ್ರಿ ಆಸುಪಾಸಿಗೆ ಏರಿಸಿ ಮಸಿಯನ್ನು ಸುಡುತ್ತದೆ. 10ರಿಂದ 20 ನಿಮಿಷದ ಕೆಲಸ. ಬಹಳಷ್ಟು ಕಾರುಗಳಲ್ಲಿ ಇದು ನಡೆಯುತ್ತಿದೆ ಎಂದು ತಿಳಿಸುವ ದೀಪವೇ ಇರುವುದಿಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಐಡಲ್ ಆರ್‌ಪಿಎಂ ಎಂದಿಗಿಂತ 100-200 ಮೇಲಿರುತ್ತದೆ. ಆಟೋ ಸ್ಟಾರ್ಟ್-ಸ್ಟಾಪ್ ಇರುವ ಗಾಡಿ ಸಿಗ್ನಲ್‌ನಲ್ಲಿ ಆಫ್ ಆಗುವುದಿಲ್ಲ. ಆ ಕ್ಷಣದ ಮೈಲೇಜ್ ತೋರಿಸುವ ಅಂಕಿ ಕಾರಣವಿಲ್ಲದೆ ಕುಸಿದಿರುತ್ತದೆ. ಎಂಜಿನ್ ಸದ್ದು ತುಸು ಗಡಸಾಗುತ್ತದೆ. ಎಲ್ಲಕ್ಕಿಂತ ಸ್ಪಷ್ಟವಾದದ್ದು: ಗಾಡಿ ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಜೊತೆಗೆ ಕಾದ ಲೋಹದ ಘಾಟು. ಇದನ್ನು ಎಸಿ ತೊಂದರೆ ಎಂದುಕೊಂಡು ಬರುವವರೂ ಇದ್ದಾರೆ.

ಮನೆ ಹತ್ತಿರ ಬಂದಾಗ ಈ ಗುರುತು ಕಂಡರೆ ಗೇಟಿನ ಮುಂದೆ ಐಡಲ್‌ನಲ್ಲಿ ನಿಲ್ಲಿಸಿಕೊಂಡು ಕಾಯಬೇಡಿ. ನಿಂತಲ್ಲಿ ಬಿಸಿ ಉಳಿಯುವುದು ಕಷ್ಟ. ಖಾಲಿ ಇರುವ ರಸ್ತೆ ಹಿಡಿದು ಹತ್ತು-ಹದಿನೈದು ನಿಮಿಷ ಸುತ್ತಿ, ಐಡಲ್ ಎಂದಿನ ಮಟ್ಟಕ್ಕೆ ಇಳಿದ ಮೇಲೆ ಒಂದೆರಡು ನಿಮಿಷ ಬಿಟ್ಟು ಆಫ್ ಮಾಡಿ. ತುರ್ತಿದ್ದು ಒಮ್ಮೆ ಆಫ್ ಮಾಡಿದರೆ ಏನೂ ಆಗದು, ಇಸಿಯು ಮುಂದಿನ ಸಲ ಮತ್ತೆ ಶುರುಮಾಡುತ್ತದೆ. ಸಾಲಾಗಿ ನಾಲ್ಕೈದು ಸಲ ಹೀಗಾದರೆ ಮಸಿ ಮಿತಿ ದಾಟುತ್ತದೆ. ಮನೆಯಿಂದ ಆಫೀಸು 4-5 ಕಿ.ಮೀ. ಇರುವವರ ಗಾಡಿಗಳಲ್ಲಿ ಆಗುವುದೇ ಇದು: ಎಂಜಿನ್ ಪೂರ್ತಿ ಕಾಯುವ ಹೊತ್ತಿಗೆ ಪಾರ್ಕಿಂಗ್ ಬಂದಿರುತ್ತದೆ. ಅಂಥವರಿಗೆ ನಾವು ಡೀಸೆಲ್ ಬೇಡವೆಂದೇ ಹೇಳುತ್ತೇವೆ.

ಈಗಾಗಲೇ ತೆಗೆದುಕೊಂಡವರು ಒಂದೊಂದು ಟ್ಯಾಂಕ್ ಡೀಸೆಲ್‌ಗೆ ಒಮ್ಮೆಯಾದರೂ 25-30 ನಿಮಿಷದ ಓಟ ಕೊಡಬೇಕು. ನೈಸ್ ರಸ್ತೆ ಆಗಬಹುದು, ನೆಲಮಂಗಲ ದಾಟಿದ ಮೇಲಿನ ತುಮಕೂರು ಹೈವೇ ಆಗಬಹುದು. ಇಲ್ಲಿ ವೇಗಕ್ಕಿಂತ ಗೇರ್ ಮುಖ್ಯ. ಆರನೇ ಗೇರಿನಲ್ಲಿ 1,300 ಆರ್‌ಪಿಎಂನಲ್ಲಿ ತೇಲಿಸಿಕೊಂಡು ಹೋದರೆ ಮೈಲೇಜ್ ಚೆನ್ನಾಗಿ ಬರುತ್ತದೆ, ಫಿಲ್ಟರ್ ಮಾತ್ರ ತಣ್ಣಗೇ ಇರುತ್ತದೆ. ಒಂದೆರಡು ಗೇರ್ ಇಳಿಸಿ 2,000ದಿಂದ 2,500 ಆರ್‌ಪಿಎಂ ನಡುವೆ, 60-80ರ ವೇಗದಲ್ಲಿ ಒಂದೇ ಸಮ ಓಡಿಸಿ. ಆಟೋಮ್ಯಾಟಿಕ್ ಆದರೆ ಸ್ಪೋರ್ಟ್ ಅಥವಾ ಮ್ಯಾನುಯಲ್ ಮೋಡ್‌ಗೆ ಹಾಕಿ. ನಡುವೆ ಕಾಫಿಗೆ ನಿಲ್ಲಿಸುವುದಿದ್ದರೆ ಓಟ ಮುಗಿದ ಮೇಲೆ ನಿಲ್ಲಿಸಿ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ. ರಿಸರ್ವ್ ದೀಪ ಬಂದಿದ್ದರೆ ಅನೇಕ ಗಾಡಿಗಳು ರೀಜನ್ ಶುರುಮಾಡುವುದೇ ಇಲ್ಲ.

ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ ಗರ್ ಗರ್ ಅನ್ನಿಸುವುದರಿಂದ ಉಪಯೋಗವಿಲ್ಲ. ಎಂಜಿನ್ ಮೇಲೆ ಭಾರವಿಲ್ಲದಿದ್ದರೆ ಮಸಿ ಸುಡುವಷ್ಟು ಬಿಸಿ ಏರುವುದಿಲ್ಲ. ಘಾಟಿ ಇಳಿಯುವಾಗಲೂ ಅಷ್ಟೇ. ಶಿರಾಡಿ ಹತ್ತುವ ಗಾಡಿ ಮಸಿ ಚೆನ್ನಾಗಿ ಸುಡುತ್ತದೆ. ಇಳಿಯುವಾಗ ಎಂಜಿನ್ ಬ್ರೇಕಿಂಗ್‌ನಲ್ಲಿ ಡೀಸೆಲ್ಲೇ ಹೋಗುವುದಿಲ್ಲವಾದ್ದರಿಂದ ಬಿಸಿ ಬೀಳುತ್ತದೆ.

ಟ್ರಾಫಿಕ್‌ಗಿಂತ ಕೆಟ್ಟ ಅಭ್ಯಾಸವೆಂದರೆ ಎಸಿ ಹಾಕಿಕೊಂಡು ನಿಂತ ಗಾಡಿಯಲ್ಲಿ ಕಾಯುವುದು. ಏರ್‌ಪೋರ್ಟ್ ಹತ್ತಿರ, ಮದುವೆ ಮಂಟಪದ ಹೊರಗೆ ಡ್ರೈವರ್‌ಗಳು ಗಂಟೆಗಟ್ಟಲೆ ಹೀಗೆ ಮಲಗಿರುತ್ತಾರೆ. ಐಡಲ್‌ನಲ್ಲಿ ಮಸಿ ಸೇರುತ್ತಲೇ ಇರುತ್ತದೆ, ಸುಡುವ ಬಿಸಿ ಹತ್ತಿರಕ್ಕೂ ಬರುವುದಿಲ್ಲ, ಕಿ.ಮೀ. ಮೀಟರ್‌ನಲ್ಲಿ ಇದರ ಲೆಕ್ಕವೂ ಕಾಣದು.

ಹಳದಿ ಡಿಪಿಎಫ್ ದೀಪ ಒಂದೇ ಹೊತ್ತಿದರೆ ಗಾಬರಿ ಬೇಡ, ಮೇಲೆ ಹೇಳಿದ ಓಟ ಕೊಟ್ಟರೆ ಹೆಚ್ಚಾಗಿ ಆರುತ್ತದೆ. ಅದು ಮಿಟುಕತೊಡಗಿದರೆ, ಅಥವಾ ಜೊತೆಗೆ ಚೆಕ್ ಎಂಜಿನ್ ದೀಪವೂ ಬಂದು ಪಿಕಪ್ ಬಿದ್ದರೆ ಹೈವೇಗೆ ಹೋಗುವ ಕಾಲ ಮುಗಿಯಿತು. ಆಗ ಸ್ಕ್ಯಾನರ್‌ನಿಂದ ಮಾಡುವ ಫೋರ್ಸ್ಡ್ ರೀಜನ್ ಬೇಕು. ಮಸಿ ಅತಿಯಾಗಿದ್ದರೆ ಅದನ್ನೂ ಮಾಡಬಾರದು. ಒಮ್ಮೆಲೇ ಹೊತ್ತಿಕೊಂಡು ಸೆರಾಮಿಕ್ ಬಿರುಕು ಬಿಡುತ್ತದೆ, ಕರಗುವುದೂ ಉಂಟು. ಫಿಲ್ಟರ್ ಕ್ಲೀನ್ ಮಾಡದೆ ಸ್ಕ್ಯಾನರ್‌ನಲ್ಲಿ ಮಸಿಯ ಲೆಕ್ಕವನ್ನಷ್ಟೇ ಸೊನ್ನೆ ಮಾಡಿ ಕಳಿಸುವವರಿದ್ದಾರೆ. ಫಿಲ್ಟರ್ ಹೊಸದೆಂದು ಇಸಿಯು ನಂಬಿಕೊಂಡು ಹಳೆಯ ಮಸಿಯ ಮೇಲೆ ಹೊಸದನ್ನು ತುಂಬಿಸುತ್ತದೆ.

ಆಯಿಲ್ ಡಿಪ್‌ಸ್ಟಿಕ್ ತಿಂಗಳಿಗೊಮ್ಮೆ ನೋಡಿ, ಈ ಗಾಡಿಗಳಲ್ಲಿ ಮಟ್ಟ ಇಳಿಯುವುದಕ್ಕಿಂತ ಏರುವುದು ಹೆಚ್ಚು ಅಪಾಯ. ರೀಜನ್‌ಗೆಂದು ಬಿಟ್ಟ ಡೀಸೆಲ್‌ನಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆಯಿಂದ ಇಳಿದು ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಸೇರುತ್ತದೆ. ಮತ್ತೆಮತ್ತೆ ಅರ್ಧಕ್ಕೆ ನಿಂತಷ್ಟೂ ಆಯಿಲ್ ತೆಳುವಾಗುತ್ತದೆ. ಮ್ಯಾಕ್ಸ್ ಗೆರೆ ದಾಟಿದ್ದು, ಮೂಸಿದರೆ ಡೀಸೆಲ್ ವಾಸನೆ ಬಂದರೆ ಸರ್ವೀಸ್ ದಿನಾಂಕಕ್ಕೆ ಕಾಯದೆ ಆಯಿಲ್ ಬದಲಿಸಿ. ಹಾಕುವ ಆಯಿಲ್ ಕಡಿಮೆ ಬೂದಿಯದ್ದೇ ಆಗಿರಬೇಕು. ಮ್ಯಾನುಯಲ್‌ನಲ್ಲಿ ಎಸಿಇಎ ಸಿ2 ಅಥವಾ ಸಿ3 (ಇಂಥ ಆಯಿಲ್‌ನ ಗುಣಮಟ್ಟದ ಗುರುತು) ಎಂದಿದ್ದರೆ ಡಬ್ಬಿಯ ಮೇಲೂ ಅದೇ ಇರಲಿ, ಬರೀ 5ಡಬ್ಲ್ಯು-30 ಎಂದಿದ್ದರೆ ಸಾಲದು. ಮಸಿ ಸುಟ್ಟುಹೋಗುತ್ತದೆ, ಆಯಿಲ್‌ನ ಬೂದಿ ಸುಡುವುದಿಲ್ಲ. ಯಾವ ಓಟಕ್ಕೂ, ಟ್ಯಾಂಕಿಗೆ ಸುರಿಯುವ ಯಾವ ಬಾಟಲಿಗೂ ಅದು ಹೋಗದು. ಫಿಲ್ಟರ್ ಬಿಚ್ಚಿ ಮಷೀನ್‌ನಲ್ಲಿ ತೆಗೆಸಬೇಕು. ಡಿಇಎಫ್ (ಹೊಗೆಯ ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ದ್ರವ) ಟ್ಯಾಂಕ್ ಬೇರೆಯೇ ಕೆಲಸಕ್ಕೆ. ಅದನ್ನು ತುಂಬಿಸಿದರೆ ಡಿಪಿಎಫ್ ಸರಿಹೋಗುವುದಿಲ್ಲ.

ಓಟ ಸರಿಯಾಗಿದ್ದೂ ರೀಜನ್ ಪದೇಪದೇ ಬರುತ್ತಿದ್ದರೆ ತೊಂದರೆ ಫಿಲ್ಟರ್‌ನಲ್ಲಿ ಇಲ್ಲದಿರಬಹುದು. ಕಾರಿಗೆ ಸಿಕ್ಕಿಸಿ ಮೊಬೈಲ್‌ನಲ್ಲಿ ಓದುವ ಅಗ್ಗದ ಬ್ಲೂಟೂತ್ ಒಬಿಡಿ ರೀಡರ್‌ನಲ್ಲಿ ಅನೇಕ ಗಾಡಿಗಳು ಕೊನೆಯ ರೀಜನ್ ಆಗಿ ಎಷ್ಟು ಕಿ.ಮೀ. ಆಯಿತೆಂದು ತೋರಿಸುತ್ತವೆ. 300-400 ಕಿ.ಮೀ. ಇದ್ದ ಅಂತರ 100ಕ್ಕಿಳಿದರೆ ಮೊದಲು ಥರ್ಮೋಸ್ಟಾಟ್ ನೋಡಬೇಕು. ಅದು ತೆರೆದೇ ಸಿಕ್ಕಿಕೊಂಡಿದ್ದರೆ ಕೂಲಂಟ್ ಬೇಕಾದಷ್ಟು ಕಾಯದು, ರೀಜನ್ ಪೂರ್ತಿಯಾಗದು. ಆಮೇಲೆ ಇಂಟರ್‌ಕೂಲರ್ ಪೈಪಿನ ಲೀಕ್, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ವಾಲ್ವ್), ಇಂಜೆಕ್ಟರ್. ಫಿಲ್ಟರ್‌ನ ಮುಂದೆ-ಹಿಂದಿನ ಒತ್ತಡದ ವ್ಯತ್ಯಾಸ ಅಳೆಯುವ ಡಿಫರೆನ್ಷಿಯಲ್ ಪ್ರೆಷರ್ ಸೆನ್ಸರ್‌ಗೆ ಹೋಗುವ ಎರಡು ಸಣ್ಣ ಹೋಸ್‌ಗಳನ್ನು ಕೈಯಲ್ಲೇ ಮುಟ್ಟಿ ಪರೀಕ್ಷಿಸಿ. ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನ ಇಲಿಗಳಿಗೆ ರಬ್ಬರ್ ಹೋಸ್ ಅಂದರೆ ಬಲು ಇಷ್ಟ. ಎಂಜಿನ್ ಆಫ್, ಇಗ್ನಿಷನ್ ಆನ್ ಇದ್ದಾಗ ಸೆನ್ಸರ್ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಸೆನ್ಸರ್ ಬದಲಿಸದೆ ಫಿಲ್ಟರ್ ಮುಟ್ಟಬೇಡಿ. ಸೈಲೆನ್ಸರ್ ಬಾಯೊಳಗೆ ಬೆರಳಾಡಿಸಿದಾಗ ದಟ್ಟ ಕಪ್ಪು ಮಸಿ ಹತ್ತಿದರೆ ಫಿಲ್ಟರ್ ಒಳಗೆ ಒಡೆದಿದೆ, ಇಲ್ಲವೇ ಹಿಂದಿನ ಓನರ್ ಕಾಲದಲ್ಲಿ ಯಾರೋ ಕೊರೆದು ಖಾಲಿ ಮಾಡಿದ್ದಾರೆ. ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ನೋಡಲು ಹೋದಾಗ, ಗಾಡಿ ತಣ್ಣಗಿರುವಾಗಲೇ ಇದನ್ನು ನೋಡಿಕೊಳ್ಳಿ.

ಸುಗ್ಗಿ ಕಾಲದಲ್ಲಿ ಇನ್ನೊಂದು ಎಚ್ಚರ. ರಾಗಿ, ಹುರುಳಿ ಒಕ್ಕಣೆಗೆ ಹಳ್ಳಿ ರಸ್ತೆಯಲ್ಲಿ ಹರಡಿದ ಹುಲ್ಲು-ಸೊಪ್ಪೆ ಗಾಡಿಯ ತಳಕ್ಕೆ ಸುತ್ತಿಕೊಂಡು ಹೊತ್ತಿಕೊಳ್ಳುವುದು ಮೊದಲಿನಿಂದ ಇರುವ ಅಪಾಯ. ರೀಜನ್ ನಡೆಯುವಾಗ ಎಕ್ಸಾಸ್ಟ್ ಎಂದಿಗಿಂತ ಬಹಳ ಬಿಸಿ. ಆ ಗುರುತುಗಳು ಕಂಡಿದ್ದರೆ ಒಣಹುಲ್ಲಿನ ಮೇಲೆ ಹತ್ತಿಸಬೇಡಿ, ನಿಲ್ಲಿಸಲೂ ಬೇಡಿ. ಅಕಸ್ಮಾತ್ ಹಾದು ಬಂದರೆ ಬರಿ ನೆಲ ಸಿಕ್ಕ ಕೂಡಲೇ ಇಳಿದು ತಳ ಬಗ್ಗಿ ನೋಡಿ, ಸಿಕ್ಕಿದ ಹುಲ್ಲನ್ನು ಕೋಲಿನಿಂದ ಎಳೆದು ತೆಗೆಯಿರಿ.