ಮಕ್ಕಳ ಗ್ರಾಜುಯೇಷನ್ನಿಗೆ ಅಮೆರಿಕಕ್ಕೆ ಹೊರಟವರು ಕೇಳುವ ಪ್ರಶ್ನೆ

"ಮಗಳ ಎಂಎಸ್ ಮುಗೀತಾ ಬಂತು, ಮೇ ತಿಂಗಳಲ್ಲಿ ಗ್ರಾಜುಯೇಷನ್. ಸ್ಟೇಡಿಯಂನಲ್ಲಿ, ಬಯಲಲ್ಲೇ ಮಾಡ್ತಾರಂತೆ. ನಾವು ಏನೇನು ಸಿದ್ಧ ಮಾಡ್ಕೋಬೇಕು?" ಅಮೆರಿಕಕ್ಕೆ ಹೊರಟ ತಂದೆ ತಾಯಂದಿರು ಕೇಳುವುದು ಹೆಚ್ಚಾಗಿ ಇದನ್ನೇ. ವೀಸಾ, ವಿಮಾನದ ಟಿಕೆಟ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಆ ಒಂದು ದಿನದ ವಿಷಯ ಮಾತ್ರ.

ಮಕ್ಕಳನ್ನು ಮೊದಲು ಕೇಳಬೇಕಾದ್ದು: "ನಿನ್ನ ಹೆಸರು ಕರೆಯೋದು ಎಲ್ಲಿ?" ಮಿಷಿಗನ್, ಇಲಿನಾಯ್ ತರಹದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಮಾರಂಭ ಎರಡು. ಸ್ಟೇಡಿಯಂನಲ್ಲಿ ನಡೆಯುವ ಕಮೆನ್ಸ್‌ಮೆಂಟ್‌ನಲ್ಲಿ, ಅಂದರೆ ಇಡೀ ವಿಶ್ವವಿದ್ಯಾಲಯದ ಪದವಿ ಸಮಾರಂಭದಲ್ಲಿ, ಸಾವಿರಾರು ಮಂದಿಗೆ ಒಟ್ಟಿಗೇ ಪದವಿ ಘೋಷಿಸುತ್ತಾರೆ. ಒಬ್ಬೊಬ್ಬರನ್ನೇ ವೇದಿಕೆಗೆ ಕರೆದು ಕೈಕುಲುಕುವುದು ಆಯಾ ಕಾಲೇಜಿನ ಅಥವಾ ವಿಭಾಗದ ಪ್ರತ್ಯೇಕ ಕಾರ್ಯಕ್ರಮದಲ್ಲಿ. ಅದು ಬೇರೆ ಜಾಗ, ಎಷ್ಟೋ ಸಲ ಬೇರೆ ದಿನ. ಇದು ಗೊತ್ತಿಲ್ಲದೆ ಸ್ಟೇಡಿಯಂ ಕಾರ್ಯಕ್ರಮವಷ್ಟೇ ನೋಡಿ ಮರುದಿನ ನಯಾಗರಾಕ್ಕೆ ಟಿಕೆಟ್ ಮಾಡಿಸಿಕೊಂಡವರಿಗೆ ಮಗಳು ವೇದಿಕೆ ಹತ್ತುವ ಕ್ಷಣವೇ ತಪ್ಪಿಹೋಗುತ್ತದೆ. ವಿಭಾಗದ ಕಾರ್ಯಕ್ರಮ ಸಾಮಾನ್ಯವಾಗಿ ಸಭಾಂಗಣದೊಳಗೆ ಇರುವುದರಿಂದ ಒಬ್ಬ ವಿದ್ಯಾರ್ಥಿಗೆ ಇಷ್ಟೇ ಟಿಕೆಟ್ ಎಂಬ ಮಿತಿಯೂ ಇರಬಹುದು. ಚಿಕ್ಕಪ್ಪ, ಅತ್ತೆ ಎಲ್ಲರೂ ಬರುವುದಾದರೆ ಮೊದಲೇ ವಿಚಾರಿಸಿ.

ಹೆಸರಿನ ಉಚ್ಚಾರಣೆಗೂ ಮೊದಲೇ ಗಮನ ಕೊಡಬೇಕು. ಬಹಳಷ್ಟು ಕಡೆ ವಿದ್ಯಾರ್ಥಿ ತನ್ನ ಹೆಸರನ್ನು ತಾನೇ ಹೇಳಿ ರೆಕಾರ್ಡ್ ಮಾಡಿ ಕಳಿಸಬಹುದು, ಇಲ್ಲವೇ ಕಾರ್ಡಿನಲ್ಲಿ ಬಿಡಿಸಿ ಬರೆದುಕೊಡಬಹುದು. ಇದಕ್ಕೂ ಕೊನೆಯ ದಿನಾಂಕ ಇರುತ್ತದೆ. ಓದಿನ ಗಡಿಬಿಡಿಯಲ್ಲಿ ಮಕ್ಕಳು ಬಿಟ್ಟುಬಿಡುತ್ತಾರೆ, ಆಮೇಲೆ "ಜ್ಞಾನೇಶ್ವರಿ" ಎಂಬ ಹೆಸರು ಮೈಕಿನಲ್ಲಿ ಗುರುತೇ ಸಿಗದಂತೆ ಕೇಳಿಸುತ್ತದೆ.

ಇನ್ನು ಬ್ಯಾಗು. ಬಹುತೇಕ ಸ್ಟೇಡಿಯಂಗಳಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಮಾತ್ರ ಅನುಮತಿ: 12 ಇಂಚು ಅಗಲ, 12 ಇಂಚು ಎತ್ತರ, 6 ಇಂಚು ದಪ್ಪ. ಅದರ ಜೊತೆಗೆ ಅಂಗೈಯಗಲದ ಒಂದು ಪರ್ಸ್, ಸುಮಾರು 4.5 ಇಂಚಿಗೆ 6.5 ಇಂಚಿನದು. ಹೆಗಲಿನ ವ್ಯಾನಿಟಿ ಬ್ಯಾಗು ಗೇಟಿನಲ್ಲೇ ನಿಲ್ಲುತ್ತದೆ. ಅದನ್ನು ಕಾರಿನಲ್ಲಿಟ್ಟು ಬರುವಷ್ಟರಲ್ಲಿ ವಿದ್ಯಾರ್ಥಿಗಳು ಒಳಬರುವ ಮೆರವಣಿಗೆ ಮುಗಿದಿರುತ್ತದೆ. ಕೊಡೆ, ಸೆಲ್ಫಿ ಸ್ಟಿಕ್, ಹೊರಗಿನ ತಿಂಡಿಯನ್ನೂ ಹಲವು ಕಡೆ ಬಿಡುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಔಷಧಿ, ಗ್ಲೂಕೋಸ್ ಮಾತ್ರೆ ಜೊತೆ ವೈದ್ಯರ ಚೀಟಿ ಇಟ್ಟುಕೊಳ್ಳಿ, ತಪಾಸಣೆಯವರಿಗೆ ಮೊದಲೇ ತೋರಿಸಿ.

ರೇಷ್ಮೆ ಸೀರೆ ಉಡಬಹುದಾ? ಖಂಡಿತ ಉಡಿ, ಇಂಥ ದಿನಕ್ಕೆ ಉಡದೆ ಇನ್ಯಾವಾಗ? ಆದರೆ ಕೂರುವುದು ಬೆನ್ನಾಸರೆ ಇಲ್ಲದ ಅಲ್ಯೂಮಿನಿಯಂ ಬೆಂಚಿನ ಮೇಲೆ, ಹತ್ತುವುದು ಕಡಿದಾದ ಮೆಟ್ಟಿಲು. ಎಷ್ಟೋ ಕಡೆ ಮೆಟ್ಟಿಲಿಗೆ ಕಂಬಿಯೂ ಇರುವುದಿಲ್ಲ. ಸೀರೆಯನ್ನು ಒಂದಿಂಚು ಎತ್ತರಿಸಿ ಉಟ್ಟು, ನೆರಿಗೆಗೂ ಸೆರಗಿಗೂ ಪಿನ್ ಹಾಕಿ, ಚಪ್ಪಟೆ ಅಟ್ಟೆಯ ಷೂ ಹಾಕಿಕೊಳ್ಳಿ. ಹುಲ್ಲಿನ ಮೇಲೆ ಕುರ್ಚಿ ಹಾಕಿದ್ದರೆ ಹೀಲ್ಸ್ ಮಣ್ಣಿಗೆ ಹೂತುಕೊಳ್ಳುತ್ತದೆ. ಬೆಳಗಿನ ಇಬ್ಬನಿಗೆ ಬೆಂಚು ಒದ್ದೆಯಾಗಿರುವುದುಂಟು. ಒರೆಸಲು ಒಂದು ಟವೆಲ್, ಅದರ ಮೇಲೆ ಹಾಸಲು ದಪ್ಪ ಶಾಲು ಇರಲಿ. ಚಳಿಯಾದರೆ ಅದೇ ಶಾಲು ಹೊದೆಯಲೂ ಆಯಿತು. ಮೊಣಕಾಲು ನೋವಿನವರು ಮೆಟ್ಟಿಲು ಹತ್ತುವ ಸಾಹಸ ಮಾಡಬೇಡಿ. ಅಂಥವರಿಗೆಂದೇ ಮೆಟ್ಟಿಲಿಲ್ಲದ ಆಸನಗಳಿರುತ್ತವೆ. ಆದರೆ ಜೊತೆಗೆ ಕೂರಲು ಸಾಮಾನ್ಯವಾಗಿ ಒಬ್ಬರಿಗೋ ಇಬ್ಬರಿಗೋ ಅವಕಾಶ, ಕೆಲವು ಕಡೆ ಮುಂಚೆಯೇ ಆನ್‌ಲೈನ್‌ನಲ್ಲಿ ಕೇಳಿಕೊಳ್ಳಬೇಕು.

ಹವಾಮಾನ ಊರಿಂದೂರಿಗೆ ಪೂರ್ತಿ ಬೇರೆ. ಮಿಷಿಗನ್ ವಿಶ್ವವಿದ್ಯಾಲಯ ಇರುವ ಆನ್ ಆರ್ಬರ್‌ನಲ್ಲಿ ಮೇ ಮೊದಲ ವಾರ ಬೆಳಿಗ್ಗೆ 7-8 ಡಿಗ್ರಿ ಇರಬಹುದು, ಗಾಳಿ ಬೀಸಿದರೆ ಇನ್ನೂ ಕಡಿಮೆ ಅನ್ನಿಸುತ್ತದೆ. ರವಿಕೆಯ ಒಳಗೆ ತೆಳುವಾದ ಥರ್ಮಲ್ (ಬೆಚ್ಚನೆಯ ಒಳಉಡುಪು) ಹಾಕಿಕೊಂಡರೆ ಸೀರೆಯ ಅಂದ ಕೆಡುವುದಿಲ್ಲ. ಅರಿಜೋನಾದ ಟೆಂಪಿಯಲ್ಲಿ ಅದೇ ತಿಂಗಳ ಮಧ್ಯಾಹ್ನ 38 ಡಿಗ್ರಿ ಮುಟ್ಟುತ್ತದೆ. ಅಲ್ಲಿಗೆ ಹತ್ತಿ ಸೀರೆ, ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್. ಮಳೆ ಬಂದರೂ ಕಾರ್ಯಕ್ರಮ ನಿಲ್ಲದೇ ಇರಬಹುದು, ಆದ್ದರಿಂದ ಕೊಡೆಯ ಬದಲು ಮಡಚುವ ರೇನ್‌ಕೋಟ್ ಒಯ್ಯಿರಿ. ಸಿಡಿಲು ಮಾತ್ರ ಬೇರೆ ವಿಷಯ. ಹತ್ತಿರದಲ್ಲಿ ಸಿಡಿಲು ಬಡಿದರೆ ಎಲ್ಲರನ್ನೂ ಎಬ್ಬಿಸಿ ಒಳಗೆ ಕಳಿಸುತ್ತಾರೆ, ಕೊನೆಯ ಸಿಡಿಲಾದ ಮೇಲೆ ಸಾಮಾನ್ಯವಾಗಿ 30 ನಿಮಿಷ ಕಾಯುತ್ತಾರೆ. ಹಾಗಾಗಿ ಅಂದೇ ಸಂಜೆ ವಿಮಾನ ಹತ್ತುವ ಯೋಚನೆ ಬೇಡ.

ಹೋಗುವುದಾದರೆ ಕನಿಷ್ಠ ನಾಲ್ಕೈದು ದಿನ ಮೊದಲೇ ತಲುಪಿ. ಇಲಿನಾಯ್‌ನಲ್ಲಿ ಮಧ್ಯಾಹ್ನ 12 ಅಂದರೆ ನಮ್ಮಲ್ಲಿ ರಾತ್ರಿ ಹತ್ತೂವರೆ. ಹಿಂದಿನ ದಿನ ಇಳಿದವರು ಸರಿಯಾಗಿ ಭಾಷಣದ ಹೊತ್ತಿಗೆ ತೂಕಡಿಸುತ್ತಾರೆ. ಊರಿನಲ್ಲಿರುವ ಅಜ್ಜ ಅಜ್ಜಿಗೆ ಇದೇ ಅನುಕೂಲ: ಅಲ್ಲಿ ಬೆಳಿಗ್ಗೆ 10ಕ್ಕೆ ಶುರುವಾದರೆ ಇಲ್ಲಿ ರಾತ್ರಿ ಎಂಟೂವರೆ, ಊಟ ಮುಗಿಸಿ ನೇರಪ್ರಸಾರ ನೋಡಬಹುದು. ಲಿಂಕ್ ಮೊದಲೇ ಕಳಿಸಿಡಿ.

ಸ್ಟೇಡಿಯಂ ತುಂಬಿದ ಮೇಲೆ ಮೊಬೈಲ್ ನೆಟ್‌ವರ್ಕ್ ಕುಸಿಯುತ್ತದೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ತರಹದ ಗೌನು, ಚೌಕ ಟೋಪಿ. ಸಾವಿರಾರು ಜನರ ನಡುವೆ ನಿಮ್ಮ ಮಗುವನ್ನು ಕಣ್ಣಿಂದ ಹುಡುಕುವುದು ಕಷ್ಟ. ಯಾವ ವಿಭಾಗ ಎಲ್ಲಿ ಕೂರುತ್ತದೆ ಎಂದು ಹಿಂದಿನ ದಿನವೇ ಕೇಳಿಕೊಂಡು ಅದಕ್ಕೆ ಎದುರಾಗುವ ಕಡೆ ಕುಳಿತುಕೊಳ್ಳಿ. ಮುಗಿದ ಮೇಲೆ ಸೇರುವ ಜಾಗವನ್ನು "ಗೇಟಿನ ಹತ್ತಿರ" ಅಂತ ಬಿಡದೆ, ಗೇಟ್ ಸಂಖ್ಯೆ ಸಮೇತ ಗೊತ್ತುಮಾಡಿಕೊಳ್ಳಿ.

ಫೋಟೋಗಳನ್ನು ಎರಡು ಮೂರು ದಿನ ಮೊದಲೇ, ಬೆಳಿಗ್ಗೆ 7ರ ಹೊತ್ತಿಗೆ ತೆಗೆದು ಮುಗಿಸಿ. ಅರ್ಬಾನಾದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಗುರುತಿನಂತಿರುವ ಅಲ್ಮಾ ಮೇಟರ್ ಪ್ರತಿಮೆಯ ಮುಂದೆ ಸಮಾರಂಭದ ದಿನ ಉದ್ದುದ್ದ ಸಾಲು ನಿಂತಿರುತ್ತದೆ. ಗೌನು ಮಡಿಕೆ ಬಿದ್ದಿದ್ದರೆ ನೇರವಾಗಿ ಬಿಸಿ ಇಸ್ತ್ರಿ ಇಡಬೇಡಿ, ಪಾಲಿಯೆಸ್ಟರ್ ಬಟ್ಟೆ ಕರಗಿ ಹೊಳಪು ಕಲೆ ಉಳಿಯುತ್ತದೆ. ಬಿಸಿನೀರು ಬಿಟ್ಟ ಬಚ್ಚಲುಮನೆಯ ಹಬೆಯಲ್ಲಿ ತೂಗುಹಾಕಿದರೆ ಸಾಕು.

ವೇದಿಕೆಯ ಮೇಲೆ ಕೊಡುವ ಕವರಿನೊಳಗೆ ಸಾಮಾನ್ಯವಾಗಿ ಪದವಿಪತ್ರ ಇರುವುದಿಲ್ಲ, ಗಾಬರಿ ಬೇಡ. ಅಂಕಗಳೆಲ್ಲ ಅಂತಿಮವಾದ ಮೇಲೆ, ಕೆಲವು ವಾರ ಕಳೆದು ಅದು ಅಂಚೆಯಲ್ಲಿ ಬರುತ್ತದೆ. ಕೆಲಸಕ್ಕೆಂದು ಮಕ್ಕಳು ಬೇರೆ ಊರಿಗೆ ಹೋಗುವುದಿದ್ದರೆ, ಹೊಸ ವಿಳಾಸವನ್ನು ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಹಾಕಿದ್ದಾರಾ ಎಂದು ನೀವು ವಾಪಸ್ ಹೊರಡುವ ಮುಂಚೆ ಒಮ್ಮೆ ಕೇಳಿ.