ಎರಡು ಗೆರೆ ಕಡಿಮೆ

ಇವತ್ತು ಆಗಸ್ಟ್ 16. ಬೆಳಿಗ್ಗೆ ಏಳೆಂಟು ಜನ ಸೇರಿ ರಸ್ತೆಯಲ್ಲಿ ಬಿದ್ದಿದ್ದ ಬಾವುಟಗಳನ್ನು ಆಯ್ದೆವು. ಅರ್ಧ ಚೀಲ ತುಂಬಿತು.

ಜೊತೆಗೆ ಒಬ್ಬಳು ಪುಟ್ಟ ಹುಡುಗಿ ಬಂದಿದ್ದಳು. ಆಯೋದು ಬಿಟ್ಟು ಒಂದು ಕಾಗದದ ಬಾವುಟ ಹಿಡಿದು ಕೂತಿದ್ದಳು. ಮಣ್ಣು ಒರೆಸಿ, ಬೆರಳಿಟ್ಟು ಚಕ್ರದ ಗೆರೆ ಎಣಿಸ್ತಾ.

"ಅಂಕಲ್, ಇದ್ರಲ್ಲಿ 22 ಇದೆ. 24 ಇರ್ಬೇಕಲ್ವಾ?"

ನಾನೂ ಎಣಿಸಿದೆ. ಎರಡು ಸಲ. ಇಪ್ಪತ್ತೆರಡೇ!

ನಿನ್ನೆ ಇಂಥದ್ದೇ ಒಂದನ್ನು ಎದೆಗೆ ಚುಚ್ಚಿಕೊಂಡು ಫೋಟೊ ತೆಗೆಸಿಕೊಂಡಿದ್ದೆ. ಎಣಿಸೋದಿರಲಿ, ಸರಿಯಾಗಿ ನೋಡಿಯೂ ಇರಲಿಲ್ಲ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ, ಹಾರಿಸಬಾರದು ಅಂದರೂ ಜನ ಬಾವುಟ ಹಾರಿಸಿದ್ದರು. ಜೈಲಿಗೂ ಹೋದರು. ಆಗ ಅದರಲ್ಲಿ ಇದ್ದದ್ದು ಚರಕ. ಚಕ್ರ ಬಂದದ್ದು 1947ರ ಜುಲೈ 22ಕ್ಕೆ. ಇದನ್ನೆಲ್ಲ ಅವಳಿಗೆ ಹೇಳಿದೆ. ಸುಮ್ನೆ, ಸ್ವಲ್ಪ ಜಾಣತನ ತೋರಿಸೋಕೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಪೆನ್ನು ಕೇಳಿದಳು.

"ಇನ್ನೆರಡು ಗೆರೆ ನಾನೇ ಎಳೀತೀನಿ."

ಎಲ್ಲಿ ಜಾಗ ಇದೆ ಅಂತ ಇಬ್ಬರೂ ಹುಡುಕ್ತಾ ಕೂತೆವು.