ಕಾಣಿಕೆಯ ಚೀಲ ಒಬ್ಬರ ಕೈಯಲ್ಲಿ ಬೇಡ

ನಾನು ಚರ್ಚಿನ ಸಭಾಪಾಲಕನಾಗಿ ಹತ್ತೊಂಬತ್ತು ವರ್ಷ ಆಯಿತು. ಪ್ರಸಂಗ ಮಾಡುವುದು, ಮದುವೆ ನಡೆಸುವುದು, ಮಣ್ಣು ಮಾಡುವಾಗ ಮನೆಯವರ ಪಕ್ಕ ನಿಲ್ಲುವುದು, ಇದನ್ನೆಲ್ಲ ಸೆಮಿನರಿಯಲ್ಲಿ ಕಲಿಸಿದರು. ಸಭೆಯ ದುಡ್ಡನ್ನು ಹೇಗೆ ಮುಟ್ಟಬೇಕು ಅಂತ ಕಲಿಸಿದ್ದು ಮಾತ್ರ ಒಬ್ಬ ನಿವೃತ್ತ ಬಸ್ ಕಂಡಕ್ಟರ್.

ಆಗ ನಾನು ಧಾರವಾಡ ಕಡೆಯ ಒಂದು ಹಳ್ಳಿ ಸಭೆಯಲ್ಲಿದ್ದೆ. ಅರವತ್ತು ಮನೆಗಳ ಸಭೆ. ಅಲ್ಲಿ ಕ್ರಿಸ್ಮಸ್ ಬಿಟ್ಟರೆ ದೊಡ್ಡದು ಸುಗ್ಗಿ ಹಬ್ಬ. ಅವತ್ತು ದೇವಾಲಯದ ಮುಂದಿನ ಮೆಟ್ಟಿಲುಗಳೆಲ್ಲ ಜೋಳ, ಶೇಂಗಾ, ಒಣಮೆಣಸಿನಕಾಯಿ, ಕುಂಬಳಕಾಯಿಗಳಿಂದ ತುಂಬಿಹೋಗುತ್ತವೆ. ಕಾಲು ಕಟ್ಟಿದ ಎರಡು ಮೂರು ಕೋಳಿ ಮೂಲೆಯಲ್ಲಿ ಕೂಗುತ್ತಿರುತ್ತವೆ. ಆರಾಧನೆ ಮುಗಿದ ಮೇಲೆ ಹರಾಜು. ಆ ವರ್ಷ ಸಂಡೇ ಸ್ಕೂಲಿನ ಒಂದು ಹುಡುಗಿ ಒಂದೇ ಒಂದು ನಿಂಬೆಹಣ್ಣು ತಂದಿದ್ದಳು. ಒಬ್ಬರು ಅದನ್ನು 200 ರೂಪಾಯಿಗೆ ಕೂಗಿ, ಅಲ್ಲೇ ವಾಪಸ್ ಕಾಣಿಕೆ ಕೊಟ್ಟರು. ಮತ್ತೆ ಹರಾಜು. ಮೂರನೇ ಸಲ ಅದು 1,100ಕ್ಕೆ ಹೋಯಿತು. ಯಾರು ಯಾವುದನ್ನು ಎಷ್ಟಕ್ಕೆ ಕೂಗಿದರು ಅನ್ನೋದು ಊರಿನವರಿಗೆ ವರ್ಷಪೂರ್ತಿ ನೆನಪಿರುತ್ತದೆ. ಇದನ್ನು ನಾನು ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ.

ಆ ನಿವೃತ್ತ ಕಂಡಕ್ಟರೇ ನಮ್ಮ ಸಭೆಯ ಖಜಾಂಚಿ. ಅವತ್ತು ಅವರು ಸಂಬಂಧಿಕರ ಮದುವೆಗೆ ಹೋಗಿದ್ದರು. ಹಣವನ್ನು ಬಟ್ಟೆ ಚೀಲದಲ್ಲಿ ಹಾಕಿ ನಾನೇ ಮನೆಗೆ ತಂದು ಕಪಾಟಿನಲ್ಲಿಟ್ಟೆ. ರಾತ್ರಿ ಹನ್ನೊಂದರ ಹೊತ್ತಿಗೆ ಸಭೆಯ ಒಬ್ಬ ಹುಡುಗ ಓಡಿ ಬಂದ. ಹೆಂಡತಿಗೆ ಹೆರಿಗೆ ನೋವು, ತೊಂದರೆ ಜಾಸ್ತಿ ಇದೆ, ಹುಬ್ಬಳ್ಳಿಗೆ ಒಯ್ಯಬೇಕು, ಕೈಯಲ್ಲಿ ದುಡ್ಡಿಲ್ಲ. ಚೀಲದಿಂದ 4,000 ರೂಪಾಯಿ ತೆಗೆದು ಕೊಟ್ಟೆ. ತಾಯಿ, ಮಗು ಇಬ್ಬರೂ ಉಳಿದರು. ಅಂಥ ರಾತ್ರಿ ಮತ್ತೆ ಬಂದರೆ ಈಗಲೂ ದುಡ್ಡು ಕೊಟ್ಟೇ ಕೊಡುತ್ತೇನೆ. ತಪ್ಪಾದದ್ದು ಅದರ ಮುಂದೆ. ಎಲ್ಲೂ ಬರೆದಿಡಲಿಲ್ಲ. ಯಾರಿಗೂ ಹೇಳಲಿಲ್ಲ. ಬಡವರ ಮರ್ಯಾದೆ ಉಳಿಸುತ್ತಿದ್ದೇನೆ ಅಂದುಕೊಂಡೆ. ಮುಂದಿನ ಭಾನುವಾರ ಉಳಿದ ಹಣವನ್ನಷ್ಟೇ ಲೆಕ್ಕ ಹಿಡಿದು, ಹರಾಜಿನಿಂದ ಬಂದದ್ದು 23,400 ಎಂದು ಹೇಳಿಬಿಟ್ಟೆ.

ಜನರ ಲೆಕ್ಕದಲ್ಲಿ ಅದು 27,400 ಇತ್ತು.

ಎದುರಿಗೆ ಯಾರೂ ಕೇಳಲಿಲ್ಲ. ನಾನು ಹೋದಾಗ ಬಾವಿ ಕಟ್ಟೆಯ ಮಾತು ನಿಲ್ಲುತ್ತಿತ್ತು. ಬುಧವಾರದ ಪ್ರಾರ್ಥನಾ ಕೂಟಕ್ಕೆ ಬರುವವರು ಅರ್ಧಕ್ಕೆ ಇಳಿದರು. ಸ್ತ್ರೀ ಸಂಘದ ಒಬ್ಬ ಅಕ್ಕ ನನ್ನ ಹೆಂಡತಿಗೆ ವಿಷಯ ತಿಳಿಸಿದಾಗ ನನಗೆ ತುಂಬಾ ನೋವಾಯಿತು, ಸಿಟ್ಟೂ ಬಂತು. ಇಷ್ಟು ವರ್ಷ ದುಡಿದವನ ಮೇಲೆ ಸಂಶಯ ಪಡುತ್ತಾರಲ್ಲ! ‘ತೀರ್ಪು ಮಾಡಬೇಡಿರಿ’ ಅನ್ನುವ ವಾಕ್ಯ ಹಿಡಿದು ಒಂದು ಖಾರವಾದ ಪ್ರಸಂಗ ಬರೆದಿಟ್ಟೆ.

ಶನಿವಾರ ಸಂಜೆ ಖಜಾಂಚಿ ಮನೆಗೆ ಬಂದರು. ಚಹಾ ಕುಡಿದು ಲೋಟ ಕೆಳಗಿಟ್ಟು, ಏನಾಯಿತು ಅಂತ ನೇರವಾಗಿ ಕೇಳಿದರು. ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಅವರು ಹೇಳಿದ್ದು ಹೀಗೆ:

“ಅಯ್ನೋರ, ಡ್ಯೂಟಿ ಹತ್ತೂ ಮುಂಚೆ ಕಿಸೆದಾಗ ನಮ್ಮ ಸ್ವಂತ ರೊಕ್ಕ ಎಷ್ಟೈತಿ ಅಂತ ವೇ ಬಿಲ್ಲಿನ್ಯಾಗ, ಅಂದ್ರ ಬಸ್ಸಿನ ಲೆಕ್ಕದ ಹಾಳ್ಯಾಗ, ಬರೀಬೇಕಿತ್ತು. ಬರೀಲಿಲ್ಲ ಅಂದ್ರ, ಚೆಕಿಂಗ್‌ನವ್ರು ಬಸ್ ಹತ್ತಿದಾಗ ಅದು ನಂದು ಅಂತ ಹೆಂಗ ಹೇಳ್ಲಿ? ಕದ್ದಿಲ್ಲ ಅಂತ ನನಗ ಗೊತ್ತೈತಿ. ಅವ್ರಿಗೆ ಹೆಂಗ ಗೊತ್ತಾಗಬೇಕು?”

ಆ ರಾತ್ರಿ ಬರೆದ ಪ್ರಸಂಗ ಹರಿದು ಹಾಕಿದೆ. ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೇ ಅಧ್ಯಾಯ ತೆಗೆದೆ. ಎಷ್ಟು ಸಲ ಓದಿದ್ದೆನೋ! ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲ ತಾನೊಬ್ಬನೇ ಹೊತ್ತೊಯ್ಯುವುದಿಲ್ಲ. ಅವನ ಜೊತೆ ಕೆಲಸದವ ತೀತನ ಸಂಗಡ ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರ ಇರುತ್ತಾನೆ. ಯಾರೂ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ ಅವನೇ ಕಾರಣ ಹೇಳುತ್ತಾನೆ. ನಾನು ಇದರಲ್ಲಿ ಅರ್ಧವನ್ನಷ್ಟೇ ಹಿಡಿದುಕೊಂಡಿದ್ದೆ. ದೇವರಿಗೆ ಗೊತ್ತು, ಸಾಕು ಅಂತಿದ್ದೆ.

ಬೆಳಿಗ್ಗೆ ಆಶೀರ್ವಚನಕ್ಕೆ ಮುಂಚೆ ಇಡೀ ಲೆಕ್ಕ ಓದಿದೆ. ಕಷ್ಟದಲ್ಲಿದ್ದ ಒಂದು ಕುಟುಂಬಕ್ಕೆ 4,000 ಕೊಟ್ಟೆ, ಬರೆದಿಡದೆ ಮುಚ್ಚಿಟ್ಟದ್ದು ನನ್ನ ತಪ್ಪು, ಕ್ಷಮಿಸಬೇಕು ಅಂದೆ. ಹೆಸರು ಹೇಳಲಿಲ್ಲ. ಹೆಸರನ್ನು ಖಜಾಂಚಿಗೂ ಒಬ್ಬ ಹಿರಿಯರಿಗೂ ತಿಳಿಸಿದ್ದೇನೆ ಅಂತಷ್ಟೇ ಹೇಳಿದೆ.

ಅಲ್ಲಿಂದ ಮುಂದೆ ಕಾಣಿಕೆಯನ್ನು ಆರಾಧನೆ ಮುಗಿದ ಕೂಡಲೇ, ಬಾಗಿಲು ತೆರೆದಿಟ್ಟು, ಅಲ್ಲೇ ಮೇಜಿನ ಮೇಲೆ ಎಣಿಸುತ್ತೇವೆ. ಖಜಾಂಚಿ, ಒಬ್ಬ ಹಿರಿಯರು, ಸ್ತ್ರೀ ಸಂಘದಿಂದ ಒಬ್ಬರು. ನಾನು ಎಣಿಸುವುದಿಲ್ಲ. ಮೂವರೂ ಸಹಿ ಹಾಕುತ್ತಾರೆ, ಸೋಮವಾರ ಬ್ಯಾಂಕಿಗೆ. ತುರ್ತಿಗೆ ಅಂತ ಸ್ವಲ್ಪ ಹಣ ಬೇರೆ ಇಡುತ್ತೇವೆ. ಅದನ್ನು ತೆಗೆಯಲು ಇಬ್ಬರು ಬೇಕು, ಮಧ್ಯರಾತ್ರಿಯಾದರೂ ಒಬ್ಬರಿಗೆ ಫೋನ್ ಮಾಡಿಯೇ ತೆಗೆಯಬೇಕು. ಪುಸ್ತಕದಲ್ಲಿ ಮೊತ್ತ ಇರುತ್ತದೆ, ಪಡೆದವರ ಹೆಸರು ಇರುವುದಿಲ್ಲ. ಈ ಕೊನೆಯ ವಿಷಯಕ್ಕೆ ಕಮಿಟಿಯಲ್ಲಿ ಎರಡು ತಿಂಗಳು ವಾದ ನಡೆಯಿತು. ಹೆಸರು ಬೇಡ ಅಂತ ನಾನು ಹಟ ಹಿಡಿದೆ, ಇವತ್ತಿಗೂ ಹಿಡಿಯುತ್ತೇನೆ. ಸಹಾಯ ಪಡೆದವರು ತಲೆ ತಗ್ಗಿಸಿ ದೇವಾಲಯಕ್ಕೆ ಬರುವಂತಾಗಬಾರದು.

ಒಬ್ಬ ಹಿರಿಯರು, “ನಂಬಿಕೆ ಇರೋ ಕಡೆ ಇಷ್ಟೆಲ್ಲ ಕಾಗದ ಯಾಕೆ?” ಅಂತ ಕೇಳಿ, ಅರಸುಗಳು ಎರಡನೆಯ ಪುಸ್ತಕದ 12ನೇ ಅಧ್ಯಾಯ ತೋರಿಸಿದರು. ದೇವಾಲಯ ರಿಪೇರಿ ಮಾಡಿಸಿದವರು ನಂಬಿಗಸ್ತರಾಗಿದ್ದರು, ಅವರಿಂದ ಲೆಕ್ಕ ಕೇಳಲಿಲ್ಲ ಅಂತ ಅಲ್ಲಿದೆ, ನಿಜ. ಅದೇ ಅಧ್ಯಾಯವನ್ನು ಮೇಲಿನಿಂದ ಓದೋಣ ಅಂದೆ. ಯಾಜಕರು ಹಣವನ್ನು ತಾವೇ ತೆಗೆದುಕೊಳ್ಳುತ್ತಿದ್ದಾಗ ಯೆಹೋವಾಷ ಅರಸನ 23ನೇ ವರ್ಷದವರೆಗೂ ರಿಪೇರಿ ಆಗಿರಲಿಲ್ಲ. ಆಮೇಲೆ ಯಾಜಕ ಯೆಹೋಯಾದ ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆದು ಯಜ್ಞವೇದಿಯ ಬಲಕ್ಕೆ ಇಟ್ಟ. ಅರಸನ ಲೇಖಕನೂ ಮಹಾಯಾಜಕನೂ ಕೂಡಿ ಎಣಿಸಿ ಚೀಲ ಕಟ್ಟಿದರು. ನಂಬಿಕೆಯ ಮಾತು ಬರುವುದು ಇದೆಲ್ಲ ಆದ ಮೇಲೆ.

ನಮ್ಮ ಭಾಗದ ಹಳೆಯ ಸಭೆಗಳನ್ನು ಕಟ್ಟಿದ್ದು ಸ್ವಿಟ್ಜರ್ಲೆಂಡಿನ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್. ಅವರು 1834ರಲ್ಲಿ ಮಂಗಳೂರಿಗೆ ಬಂದು, 1837ರ ಹೊತ್ತಿಗೆ ಧಾರವಾಡ ಮುಟ್ಟಿದರು. ನೇಯ್ಗೆ, ಹಂಚಿನ ಕಾರ್ಖಾನೆ ಅಂತ ಅವರ ಉದ್ಯೋಗ ದೊಡ್ಡದಾಗಿ ಬೆಳೆಯಿತು. ಆದರೆ 1859ರಲ್ಲೇ ವ್ಯಾಪಾರಕ್ಕೆ ಅಂತ ಬೇರೆ ಕಂಪನಿ ಮಾಡಿದ್ದರು. ಆ ಚೀಲ ಬೇರೆ, ಈ ಚೀಲ ಬೇರೆ. ನಮ್ಮ ಖಜಾಂಚಿಗೆ ಇದನ್ನು ಹೇಳಿದಾಗ, “ವೇ ಬಿಲ್ ಬರ್ದಿದ್ರು ಬಿಡ್ರಿ” ಅಂದರು.

ಮರುವರ್ಷದ ಸುಗ್ಗಿ ಹಬ್ಬದ ಲೆಕ್ಕವನ್ನು ಬಾಗಿಲ ಪಕ್ಕದ ಹಲಗೆಗೆ ಅಂಟಿಸಿದ್ದೆವು. ಯಾವ ವಸ್ತು, ಎಷ್ಟಕ್ಕೆ ಹೋಯಿತು, ಸಾಲುಸಾಲಾಗಿ. ಓದಲು ಬಾರದ ಒಬ್ಬ ಅಜ್ಜಿ ಮೊಮ್ಮಗನನ್ನು ಎಳೆದುಕೊಂಡು ಬಂದು ಅದರ ಮುಂದೆ ನಿಂತಳು. ಅವನು ಬೆರಳಿಟ್ಟು ಓದಿದ: “ಬದನೆಕಾಯಿ, ಒಂದು ಬುಟ್ಟಿ, 340.”

“ನಮ್ಮದಽ ಅದು,” ಅಂದಳು ಅಜ್ಜಿ. “ಇನ್ನೊಮ್ಮೆ ಓದು.”